ಎರಡು ಎರಿಗಳ ನಡುವೆ

ಮುಳಗುಂದ ನಾಕಾದ ಗ್ಯಾರೇಜಿನಾಗ
ದಾವಲಸಾಬ ಜೀಪಿನ ಹೊಟ್ಟಿ ಕೆಳಗ ಮಲಗ್ಯಾನ.
ಬರೇ ಕಾಲು ಕಾಣತಾವ. ಕಾಲೇ ಮಾತಾಡಿದಂಗ ಕೇಳತೈತಿ:
"ಶಂಕ್ರವ್ವಾ, ನಿನ್ನ ಪಾಟಾ ನಗೂದು ಬಿಟ್ಟಾವ.
ಪಾಟಾ ಅಂದ್ರ ನಕ್ಕೋತ ಇರಬೇಕು,
ಇವು ಮಾರಿ ಇಳಿಬಿಟ್ಟಾವ."
ಶಾಕಪ್ಸರಿನ ಎಣ್ಣಿ ಸೋರಿ ಸೋರಿ
ಕಪ್ಪತಗುಡ್ಡದ ಕೆಂಪು ಧೂಳಿ ಹೆಪ್ಪುಗಟ್ಟೇತಿ.

ಹುಬ್ಬಳ್ಳಿಯ ಶ್ರೇಣಿಕ ಫೋನಿನಾಗ ಹೇಳಿದ್ದ:
"ಅಕ್ಕಾ, ಗ್ಯಾಸಿನವು ಹಾಕಸ್ರಿ, ಮೂರಿಂಚು ಎತ್ತರಸ್ರಿ,
ಹಳದಿ ಬಣ್ಣದಾಗ ಬರತಾವ, ಭಾರಿ ಕಾಣತಾವ."
ಅವನ ಜೀಪು ಐತವಾರ ಕಲ್ಲುಕ್ವಾರಿ ಏರತೈತಿ,
ಸೋಮವಾರ ಮೈ ತೊಳಸ್ಕೊಂಡು ಅಂಗಡಿ ಮುಂದ ನಿಂದರತೈತಿ.
ತಪ್ಪಿಲ್ಲ. ಅವನ ಬೆನ್ನ ಮ್ಯಾಲ ಹುಳ ಇಲ್ಲ.

ನನಗ ಹದಿನಾರು ಪೆಟ್ಟಿಗಿ.
ಸೂರ್ಯಪಾನ ಅರಳಿದ್ರ ಮುಂಡರಗಿ ಕಡೆ,
ಆಮ್ಯಾಲ ಹವೀಜದ ಹೊಲ, ಕುಸುಬಿ,
ಏನೂ ಇಲ್ಲದಾಗ ಗುಡ್ಡದ ಬುಡ.
ಹುಳ ಎಲ್ಲಾ ಮನಿ ಸೇರಿದಮ್ಯಾಲ
ಬಾಗಲಾ ಮುಚ್ಚಿ ರಾತ್ರಿನೇ ಹೊಂಡಬೇಕು.
ದಾರಿ ಅಂದ್ರ ಟ್ರ್ಯಾಕ್ಟರ್ ಗಾಲಿ ಕೊರದ ಗೆರಿ.
ಕೆಳಗ ಎರಿ ನೆಲ,
ಮ್ಯಾಲ ಜೇನಿನ ಎರಿ.
ಹೆಸರು ಒಂದೇ. ನಡುವ ನಾಕು ಕಮಾನು.

ಹೋದ ವರ್ಷ ಡಂಬಳದ ಹಳ್ಳ ದಾಟೂಮುಂದ
ಜೀಪು ಒಮ್ಮೆ ಜಿಗೀತು. ಅದು ಕಲ್ಲಿನ ಸಲುವಾಗಿ.
ಎರಡನೇ ಸಲ ತಾನಾಗೇ ಜಿಗೀತು.
ಮೂರನೇದು ಯಾಕಂತ ಯಾರಿಗೂ ತಿಳೀಲಿಲ್ಲ.
ಮುಂಜಾನೆ ಮುಚ್ಚಳ ತೆಗದ್ರ
ಎರಡು ಪೆಟ್ಟಿಗ್ಯಾಗ ಎರಿ ಹರದು ಬಿದ್ದು
ರಾಣಿ ತನ್ನ ಜೇನಿನಾಗ ತಾನೇ ಮುಳುಗಿತ್ತು.
ಅವತ್ತು ನಾ ಚಾ ಕುಡೀಲಿಲ್ಲ.

"ಜಿಗಿಯೂದು ಪಾಟಾದ ಗುಣ," ಅಂದ ದಾವಲಸಾಬ, ಕೈ ಒರಸ್ಕೊಂತ,
"ಸಾಕು ಅನ್ನೂದು ಶಾಕಪ್ಸರಿನ ಕೆಲಸ.
ತೂಕ ಎಷ್ಟು ಹೇಳು."
ಸುಮಾರು ನಾನೂರು ಕಿಲೋ ಅಂದೆ.
"ಸುಮಾರಿನ ಪಾಟಾ ಯಾರೂ ಮಾಡೂದಿಲ್ಲವ್ವಾ."

ಪೆಟ್ಟಿಗಿ ಬದಲಿ ಉಸುಕಿನ ಚೀಲ ಹೇರಿ
ಮಾರ್ಕೆಟ್ಟಿನ ಕಾಟಾಕ್ಕ ಹೋದೆ.
ಮೆಣಸಿನಕಾಯಿ ಲಾರಿಗಳ ನಡುವ ಸೀನಿಕೊಂತ ನಿಂತೆ.
"ಏನ್ ಮಾಲು?"
ಜೇನು.
"ಎಲ್ಲೈತಿ?"
ಇನ್ನೂ ಹೂವಿನಾಗ ಐತಿ.
ಕಾಟಾದಾತ ನನ್ನನ್ನ ಒಂದು ಗಳಿಗಿ ನೋಡಿ
ಚೀಟಿಮ್ಯಾಲ ಉಸುಕು ಅಂತ ಬರದ.

ಹೋಗೂಮುಂದ ಮುನ್ನೂರು, ಬರೂಮುಂದ ಐನೂರು.
ಹೋಗೂದಕ್ಕ ಹದ ಮಾಡಿದ್ರ ಬರೂಮುಂದ ಕುಂದರತೈತಿ,
ಬರೂದಕ್ಕ ಬಿಗಿ ಮಾಡಿದ್ರ ಹೋಗೂಮುಂದ ಒದೀತೈತಿ.
ಹೂ ಕೈಕೊಟ್ಟ ವರ್ಷ
ಹೋದಷ್ಟೇ ಭಾರ ತಿರುಗಿ ಬರೂದು.
ಅದನ್ನ ಕಬ್ಬಿಣಕ್ಕ ಯಾರು ತಿಳಿಸಿ ಹೇಳಬೇಕು?

ದಾವಲಸಾಬ ಸೀಮಿಸುಣ್ಣ ತಗೊಂಡು ನೆಲದ ಮ್ಯಾಲ ಗೀಚಿದ:
ಮ್ಯಾಲ ಐದು ತೆಳ್ಳನ ಗೆರಿ,
ಕೆಳಗ ಸಂದು ಬಿಟ್ಟು ಒಂದು ದಪ್ಪಂದು.
"ಇದು ಆಸರ ಪಾಟಾ.
ಖಾಲಿ ಇದ್ದಾಗ ಯಾರನ್ನೂ ಮುಟ್ಟೂದಿಲ್ಲ.
ಭಾರ ಬಂದಾಗ ಹೆಗಲು ಕೊಡತೈತಿ."
ನಮ್ಮ ಪೈಕಿ ಅಂಥವರು ಯಾರದಾರ
ಅಂತ ಎಣಿಸಿದೆ.
ಒಂದೇ ಕೈ. ಬೆರಳು ಉಳದ್ವು.

ಎತ್ತರ ಬ್ಯಾಡ ಅಂದೆ.
ಮೂರಿಂಚು ಅಂದ್ರ ಹದಿನಾರೂ ಪೆಟ್ಟಿಗಿ
ಮೂರಿಂಚು ಮ್ಯಾಲ ಎತ್ತಬೇಕು.
ನನ್ನ ನಡಕ್ಕ ಯಾವ ಪಾಟಾ ಹಾಕತಿ?
ಶಾಕಪ್ಸರು ಎಣ್ಣೀವು ಸಾಕು, ದಪ್ಪ ಕೊಳವಿ, ಕರೇ ಬಣ್ಣ.
ಹಳದಿ ಹೊಲದಾಗ ಇದ್ದೇ ಐತಿ.

ನಿನ್ನೆ ರಾತ್ರಿ ಅದೇ ಹಳ್ಳ, ಅದೇ ಕಲ್ಲು.
ಜೀಪು ಒಮ್ಮೆ ಇಳೀತು,
ಒಮ್ಮೆ ಏರಿತು,
ಸುಮ್ಮನಾತು.
ಬೆನ್ನ ಹಿಂದಿನ ಗುಂಯ್ ಒಂದು ಮನಿ ಏರಿ
ತಿರುಗಿ ತನ್ನ ಜಾಗಕ್ಕ ಬಂದು ಕುಂತಿತು.
ನಾ ಎಂಜಿನ್ ಬಂದ್ ಮಾಡಿ ಕೇಳಿದೆ. ಮತ್ತ ಕೇಳಿದೆ.

ಎಡಗಡೆ ಮುಂದಿಂದು ಒಂಚೂರು ಕಿರಗುಡತೈತಿ.
ದಾವಲಸಾಬಗ ಹೇಳಬೇಕು.