ಮೂರನೆಯ ತೊಗಟೆ

ಬನ್ನಿ ಗುಮಾಸ್ತರೇ, ನೆರಳಿಗೆ ಬನ್ನಿ.
ಲಿಸ್ಬನ್ನಿನಿಂದ ಹೇಸರಗತ್ತೆಯ ಮೇಲೆ ಕುಲುಕಿಕೊಂಡು
ನಾಲ್ಕು ದಿನ ಬಂದಿದ್ದೀರಿ,
ಶಾಯಿಯ ಕುಡಿಕೆ ಅರ್ಧ ಚೆಲ್ಲಿಹೋಗಿದೆ.
ಪರವಾಗಿಲ್ಲ,
ನಮ್ಮ ದೊಮ್ ಬೆಲ್ಶಿಯೋರರ ಬದುಕಿಗೆ
ಉಳಿದರ್ಧ ಸಾಕು.

ಗೋರಿಗಲ್ಲಿಗೆ ನಾಲ್ಕು ಸಾಲು ಬೇಕೆಂದಿರಿ.
ಗೆದ್ದ ಯುದ್ಧ?
ತಾಂಜೇರಿಗೆ ಹೊರಟ ಹಡಗಿನಲ್ಲಿ ಮೂರು ದಿನ ವಾಂತಿ.
ಗಾಳಿ ತಿರುಗಿತು, ಹಡಗೂ ತಿರುಗಿತು.
ಹಾಗೆಂದು ಕೆತ್ತಲಾಗದಿದ್ದರೆ
ಸಮುದ್ರ ಕಂಡವರು ಎಂದು ಬರೆಯಿರಿ.

ಮದುವೆ?
ಅವರ ಪಟ ಬರೆಸಿ ಎರಡು ದೇಶಕ್ಕೆ ಕಳಿಸಿದ್ದರಂತೆ.
ಒಂದು ಬರಲೇ ಇಲ್ಲ.
ಇನ್ನೊಂದು ಬಂತು, ಎಡಗಿವಿ ಇಲಿ ತಿಂದಿತ್ತು.
ಅದನ್ನೇ ಅಡುಗೆಮನೆಯಲ್ಲಿ ತೂಗುಹಾಕಿಸಿ
ನನ್ನಮ್ಮ ಬ್ರೀತೆಶಳಿಗೆ ಹೇಳುತ್ತಿದ್ದರು:
‘ನೋಡು, ಈ ಕಡೆಯಿಂದ ಬೈದರೆ ಕೇಳಿಸುವುದಿಲ್ಲ.’

ಹಿರಿಯವರಿಗೆ ಗಾದಿ, ನಡುವಿನವರಿಗೆ ಇಗರ್ಜಿಯ ಕೆಂಪು ಟೋಪಿ.
ಮೂರನೆಯವರಿಗೆ ಈ ವಾಲ್ ದು ಕೋರ್ವು:
ಒಣಗಿದ ಹಳ್ಳ, ಹಂದಿಗಳು,
ಕಣ್ಣು ಹಾಯುವಷ್ಟೂ ಬೆಂಡಿನ ಮರ.
ಇಪ್ಪತ್ತರ ಹುಡುಗ, ಅಣ್ಣನ ಹಳೆಯ ಬೂಟು,
ಹೆಬ್ಬೆರಳ ಬಳಿ ಅಣ್ಣನ ಹೆಬ್ಬೆರಳಿನದೇ ಗುಳಿ.
ಬಂದ ದಿನವೇ ಒಂದು ಓಕ್ ಕಾಯಿ ನೆಲಕ್ಕೆ ಊರಿ
ನನ್ನಪ್ಪನನ್ನು ಕೇಳಿದರು: ತೊಗಟೆ ಯಾವಾಗ?
ಅಪ್ಪ ನಕ್ಕುಬಿಟ್ಟ. ದೊರೆಮಕ್ಕಳೆದುರು ನಗಬಾರದೆಂದು
ಅವನಿಗೆ ಯಾರೂ ಹೇಳಿಕೊಟ್ಟಿರಲಿಲ್ಲ.
‘ಇಪ್ಪತ್ತೈದು ವರ್ಷ ಕಾಯಬೇಕು ಸ್ವಾಮಿ.
ಮೊದಲ ತೊಗಟೆ ಒರಟು, ಒಲೆಗೇ ಸರಿ.
ಒಂಬತ್ತು ವರ್ಷ ಬಿಟ್ಟು ಎರಡನೆಯದು, ಬಲೆಗೆ ಕಟ್ಟಬಹುದು.
ಮತ್ತೆ ಒಂಬತ್ತು.
ಮೂರನೆಯದೇ ತೊಗಟೆ.’
ಮೂರನೆಯದೇ? ಎಂದು ಮತ್ತೆ ಕೇಳಿದರಂತೆ.

ಒಮ್ಮೆ, ಇದನ್ನು ಬರೆಯಬೇಡಿ,
ಹಿರಿಯವರಿಗೆ ಹನ್ನೊಂದು ದಿನದ ಜ್ವರ.
ನಡುರಾತ್ರಿ ಕುದುರೆಗಳು ಬಂದವು,
ಕಪ್ಪು ಮಖಮಲ್ಲಿನ ಪೆಟ್ಟಿಗೆ ಬಂತು,
ಸಾಲುಗಟ್ಟಿ ಸರದಾರರು ಕೈಗೆ ಮುತ್ತಿಟ್ಟರು.
ಇವರು ಈ ಮರದಡಿ ಕಲ್ಲಿನ ಮೇಲೆ
ಬೂಟು ಬಿಗಿದು ಕೂತರು, ಬೆಳಗಿನ ತನಕ.
ಬೆಳಿಗ್ಗೆ ಇನ್ನೊಂದು ಕುದುರೆ: ಜ್ವರ ಇಳಿದಿದೆ.
ಸರದಾರರು ಪೆಟ್ಟಿಗೆಯನ್ನೂ ಹೊತ್ತು ಹೋದರು.
ಇಟ್ಟ ಮುತ್ತನ್ನು ಮಾತ್ರ ಬಿಟ್ಟುಹೋದರೆನ್ನಿ,
ಅದನ್ನವರು ಬಾವಿಕಟ್ಟೆಯಲ್ಲಿ ತೊಳೆದುಕೊಂಡರು.
ಆಮೇಲೆ ಬೆಳ್ಳುಳ್ಳಿ ಕೊತ್ತಂಬರಿಯ ಬಿಸಿನೀರಿಗೆ
ಹಳಸಲು ಬ್ರೆಡ್ಡು ಮುರಿದು ಹಾಕಿಕೊಂಡು
ನಮ್ಮ ಜೊತೆ ಉಂಡರು, ಎರಡು ಬಟ್ಟಲು.
ಅತ್ತರೇ, ನಕ್ಕರೇ ಎಂದು ಕೇಳಬೇಡಿ.
ನಾನು ಕೊಡಲಿ ಮಸೆಯುತ್ತಿದ್ದೆ,
ತಲೆ ಎತ್ತಲಿಲ್ಲ.

ನಿಮ್ಮ ಕಾಗದದಲ್ಲಿ ‘ಇನ್ಫಾಂತೆ’ ಎಂದಿದೆಯಲ್ಲ?
ಪಾದ್ರಿ ಅನ್ಸೆಲ್ಮು ಒಮ್ಮೆ ಅರ್ಥ ಹೇಳಿದ್ದರು,
ಲ್ಯಾಟಿನ್ನಿನಲ್ಲಿ ಮಾತು ಬಾರದ ಕೂಸು ಅಂತ.
ಗಡ್ಡ ಬೆಳ್ಳಗಾದರೂ ಲಿಸ್ಬನ್ನಿಗೆ ಅವರು ಕೂಸೇ.
ಪತ್ರ ಬರೆಯುತ್ತಿದ್ದರು: ಹಳ್ಳಕ್ಕೆ ಸೇತುವೆ ಬೇಕು.
ಉತ್ತರಕ್ಕೆ ಬದಲು ಪ್ರತಿ ಕ್ರಿಸ್ಮಸ್ಸಿಗೂ
ಸಕ್ಕರೆಯ ಕುದುರೆಗೊಂಬೆ ಬರುತ್ತಿತ್ತು.
ಆ ಗೊಂಬೆಗಳನ್ನು ನಮ್ಮ ಮಕ್ಕಳು ತಿಂದು ಬೆಳೆದರು.
ಸೇತುವೆಯನ್ನು ನಾವೇ ಕಟ್ಟಿಕೊಂಡೆವು,
ಅವರೂ ಕಲ್ಲು ಹೊತ್ತರು, ಕೆಟ್ಟದಾಗಿ.

ಮರ ಸುಲಿದಾಗಲೆಲ್ಲ ಬಂದು ನಿಲ್ಲುತ್ತಿದ್ದರು.
ಒಳಮೈ ಗೊತ್ತೇ ನಿಮಗೆ? ಒದ್ದೆ, ನಸುಗೆಂಪು,
ಆಗತಾನೇ ಹುಟ್ಟಿದ ಕರುವಿನ ಮೂತಿಯಂತೆ.
ಕೈಗವಸು ತೆಗೆದು ಅಂಗೈ ಊರಿ
‘ನೋವಾಗುತ್ತದೆಯೇ ಬ್ರಾಸ್?’
‘ಗೊತ್ತಿಲ್ಲ ಸ್ವಾಮಿ, ಅದು ಹೇಳುವುದಿಲ್ಲ.’
‘ಹೌದು,’ ಎನ್ನುತ್ತಿದ್ದರು, ‘ಹೇಳುವುದಿಲ್ಲ.’

ಅಣ್ಣನ ಹಡಗುಗಳು ಎಷ್ಟೋ ಮುಳುಗಿದವು,
ಬಂಗಾರದ ಸಮೇತ. ಅದನ್ನೆಲ್ಲ ಬರೆದಿದ್ದೀರಿ.
ತೇಲಿ ದಡಕ್ಕೆ ಬಂದ ಬೆಂಡಿನ ಲೆಕ್ಕ
ಯಾರ ಪುಸ್ತಕದಲ್ಲಿದೆ?

ಮಾರ್ಚಿನಲ್ಲಿ ಹೋದರು, ಅರವತ್ತಮೂರಕ್ಕೆ.
ಈ ಮರ ಅವರು ಊರಿದ್ದು.
ಈ ವಾರ, ಸಂತ ಜೊವಾಂವ್ ಹಬ್ಬಕ್ಕೆ ಮುಂಚೆ,
ಇದರ ಮೂರನೆಯದು.

ಸ್ವಲ್ಪ ಸರಿಯಿರಿ, ಗುಮಾಸ್ತರೇ,
ಕೊಡಲಿಗೆ ಜಾಗ ಬೇಕು.
ಅಲಗು ಇಳಿಸಿ ಹಿಡಿಯನ್ನು ಮೆಲ್ಲಗೆ ತಿರುವಿದರೆ
ಬಿಡಲು ಸಿದ್ಧವಾದ ತೊಗಟೆ ಒಳಗಿನಿಂದ
ಒಂದು ಸದ್ದು ಮಾಡುತ್ತದೆ.
ಮಾತಲ್ಲ ಅದು, ಬರೆಯಲಿಕ್ಕೆ ಬರುವುದಿಲ್ಲ.
ಲೇಖನಿ ಕೆಳಗಿಡಿ.
ಕೇಳಿ.