ಇಳಿತ ಬುದವಂತಿ ಅಂಬಿಗ

"ಲಲಿತಾ ನಿಮಗೆ ಎಂತ ಆಗಬೇಕು?"
ಪಂಚಾಯತಿಯ ಕಿಟಕಿಯೊಳಗಿಂದ ಕೇಳಿದ.
ಅಪ್ಪ, ಅಂದೆ.
ಕನ್ನಡಕ ಒರೆಸಿ ಮತ್ತೊಮ್ಮೆ ಕಾರ್ಡು ನೋಡಿದ.
ಹೆಣ್ಣು, ಅಂತಿತ್ತು.

ಕಾರ್ಡು ಬರೆದವ ಘಟ್ಟದ ಮೇಲಿನವನಿರಬೇಕು,
ಇಳಿತ ಎಂಬ ಹೆಸರು ಅವನ ಕಿವಿ ಹೊಗುವಷ್ಟರಲ್ಲಿ
ಲಂಗ ತೊಟ್ಟುಕೊಂಡಿತ್ತು.
ಸಂಘದಿಂದ ಅರಿಶಿನ ಕುಂಕುಮದ ಕರೆ ಬಂದರೆ
ಅಪ್ಪ ಆ ಕಾಗದ ಅವ್ವಿಗೆ ಕೊಡುತ್ತಿದ್ದ:
ನನ್ನ ಬದಲಿಗೆ ನೀನೇ ಹೋಗಿ ಬಾ.

ಊರಲ್ಲಿ ಭರತರು ಐದು ಮಂದಿ.
ಇಳಿತ ಒಬ್ಬನೇ,
ಮಿರ್ಜಾನಿನಿಂದ ತದಡಿಯ ತನಕ
ಅಘನಾಶಿನಿಯ ಎರಡೂ ದಂಡೆಗೆ ಒಬ್ಬನೇ.

ಮಾಸ್ತರರು ಅಜ್ಜಿಯನ್ನು ಕರೆಸಿ ಹೇಳಿದ್ದರಂತೆ:
ಇಳಿತವೆಂದರೆ ಕುಗ್ಗುವುದು, ಏಳಿಗೆ ಇಲ್ಲದ್ದು.
ಭರತ ಅಂತ ಬರೆಯಲೆ? ಅದೂ ನಿಮ್ಮ ನೀರಿನದೇ ಮಾತು.
ಕೇರಿಯವರು ಹೇಳುವ ಅರ್ಥ ಬೇರೆ:
ಮಚವೆ ಹತ್ತಿ ರತ್ನಾಗಿರಿಗೆ ಹೋದ ಅಜ್ಜ
ಇಳಿತದ ನೀರಿನ ಹಾಗೆ ಹೋದ.
ನೀರಾದರೂ ತಿರುಗಿ ಬಂತು.

ಅಜ್ಜಿ ಮೇಜಿನ ಮೇಲೆ ಎರಡೂ ಕೈ ಬಿಡಿಸಿ ಇಟ್ಟಳು.
ಬಳಚಿನ ಅಂಚು ಕೊಯ್ದ ಗೆರೆಗಳ ನಡುವೆ
ಆಯುಷ್ಯದ ಗೆರೆ ಯಾವುದೆಂದು ಜೋಯಿಸರಿಗೂ ತಿಳಿಯದು.
"ಭರತ ದೋಣಿ ಇದ್ದವರದು, ಮಾಸ್ತರೇ.
ಇಳಿತ ಕೈ ಇದ್ದವರದು."

ಅಮಾಸೆಯ ಮರುದಿನ, ಬೈಗಾಗುವ ಮುಂಚೆ,
ಹೊಳೆ ತನ್ನ ಬೆನ್ನನ್ನು ಇಡಿಯಾಗಿ ಬಿಟ್ಟುಕೊಟ್ಟ ಹೊತ್ತು,
ಮೊಣಕಾಲ ಕೆಸರಿನಲ್ಲಿ, ತುಂಬಿದ ಹೊಟ್ಟೆಯಲ್ಲಿ,
ಬಗ್ಗಲಾಗದೆ ಕಾಲ್ಬೆರಳಲ್ಲೇ ಹುಡುಕುತ್ತಿದ್ದಳು.
ಹೊಯ್ಗೆಯಲ್ಲಿ ಎರಡು ತೂತು ಉಸಿರಾಡಿದರೆ
ಅದರಡಿಗೆ ಬಳಚು.
ಬುಟ್ಟಿ ಅರ್ಧ ಆಗಿತ್ತು. ನೋವು ಆಗ ಬಂತು.
ದೇಮಕ್ಕ ಸೆರಗಿನ ಮರೆ ಹಿಡಿದಳು.
ಬಳಚಿನ ಬಾಯಿ ಬಿಡಿಸುವ ಕತ್ತಿಯೇ
ಹೊಕ್ಕುಳಬಳ್ಳಿಗೂ ಆಯಿತು.
ಅಳಿವೆಯ ಕಡೆ ನೋಡಿದರೆ ನೀರು ನಿಂತಿದೆ,
ಹೋಗುವುದೂ ಇಲ್ಲ, ಬರುವುದೂ ಇಲ್ಲ.
"ಅಷ್ಟು ಹೊತ್ತು ತಡೆದ ಹೊಳೆಗೆ
ಕೊಡಲು ಎಂತ ಇತ್ತು ನನ್ನ ಹತ್ರ?
ಅದರ ಹೆಸರು ಹಿಡಿದು ಮಗನನ್ನು ಕರೆದೆ."

(ಬುಟ್ಟಿಯ ಬಳಚನ್ನು ಅಂದೇ ಮಾರಿಸಿದಳಂತೆ,
ದೇಮಕ್ಕನ ಕೈಲಿ. ಆ ಮಾತು ಬಿಡುತ್ತಿರಲಿಲ್ಲ.)

ಇಳಿತಕ್ಕೇ ಜೀವ ಹೋಗುವುದು ಅನ್ನುತ್ತಾರೆ ನಮ್ಮಲ್ಲಿ.
ಅಪ್ಪ ಹೋದದ್ದು ಹುಣ್ಣಿಮೆಯ ರಾತ್ರಿ
ಹನ್ನೊಂದು ದಾಟಿದ ಮೇಲೆ, ತುಂಬು ಭರತದಲ್ಲಿ.
ಗಜನಿಯ ಕಟ್ಟಿಗೆ ನೀರು ತಾಗುವ ಸದ್ದು
ಹಾಸಿಗೆಯ ತನಕ ಕೇಳುತ್ತಿತ್ತು.
ಹೆಸರಿಗೆ ತಕ್ಕ ಹಾಗೆ ನಡೆಯಲಿಲ್ಲ ಕೊನೆಗೂ.

ತಿದ್ದಬೇಕು, ಅಂದೆ ಕಿಟಕಿಗೆ.
ಅಫಿಡವಿಟ್ಟು, ಇಪ್ಪತ್ತು ರೂಪಾಯಿ ಛಾಪಾ, ಇಬ್ಬರು ಸಾಕ್ಷಿ.
"ಇಳಿತ? ಇಂಥ ಹೆಸರು ಉಂಟೋ?"
ಗೋಡೆಯ ಗಡಿಯಾರ ನೋಡಿದೆ. ಮೂರೂವರೆ.
ನಿನ್ನೆ ಅಮಾಸೆ.
ಕೊಡೆ ತಗೊಳ್ಳಿ, ಬಿಸಿಲು ಜೋರಿದೆ,
ಚಪ್ಪಲಿ ಇಲ್ಲೇ ಬಿಟ್ಟು ಬನ್ನಿ, ತೋರಿಸುತ್ತೇನೆ.