ಬರೇ ಉಳುಕು

ಲಿಗಮೆಂಟಂತ.
ಐವತ್ತೆರಡು ವರ್ಷ ನನ್ನೊಳಗ ಬಾಡಿಗಿ ಇಲ್ಲದ ಇದ್ದು
ಒಂದಿನಾನೂ ತನ್ನ ಹೆಸರು ಹೇಳಿದ್ದಿಲ್ಲ.
ಶಾಪೇಟಿ ಗಿರಣ್ಯಾಗ ಬಿಳಿಜ್ವಾಳದ ಚೀಲ ಜಾರಿತು.
ಬಿಟ್ಟಿದ್ರ ಚೀಲ ಬೀಳತಿತ್ತು, ಅಷ್ಟ.
ಹಿಡಿದೆ. ಕೈ ಹಿಂದಕ್ಕ ಹೊಳ್ಳಿತು,
ಒಳಗ ಹಸಿ ನಾರು ಜಗ್ಗಿದಂಗ ಸಣ್ಣ ಸಪ್ಪಳ.

ಡಾಕ್ಟರು ಫೋಟೋ ಬೆಳಕಿಗೆ ಹಿಡಿದರು:
"ಎಲುಬು ಗಟ್ಟಿ ಅದಾವ. ಎಲುಬಿಗೆ ಎಲುಬು ಕಟ್ಟಿದ ಹಗ್ಗ ಎಳದೈತಿ.
ಆರು ವಾರ ರೊಟ್ಟಿ ಬಡಿಯೂಹಂಗಿಲ್ಲ."
ಮುರದಿದ್ರ ಚಲೋ ಇತ್ತು ಅನಿಸಿತು.
ಮುರದ ಕೈಗೆ ಮಂದಿ ಮರ್ಯಾದಿ ಕೊಡತಾರ.
ಇದಕ್ಕ "ಬರೇ ಉಳುಕೇನ?" ಅಂದು
ನೆಗೆಣ್ಣಿ ಚಾ ಕುಡದು ಎದ್ದು ಹೋದಳು.

ಬಾವು ಬಂದು ಬಳಿ ಹೊರಡವಲ್ಲವು.
ನರ್ಸು ಅರಿವಿ ಸುತ್ತಿ ಒಂದೊಂದ ಒಡದಳು,
ಎಂಟು ಹಸರು ಬಳಿ.
ಎಡಗೈ ತುಂಬಿ ಗಲಗಲ, ಬಲಗೈಗೆ ಬೂದು ಪಟ್ಟಿ.
ಒಂದು ಕೈ ಮುತ್ತೈದಿ, ಒಂದು ಕೈ ಯಾರೂ ಅಲ್ಲ.

ಸ್ಟೇಶನ್ ರಸ್ತಾದ ಖಾನಾವಳಿಗೆ ದಿನಾ ನೂರಾ ಇಪ್ಪತ್ತು ರೊಟ್ಟಿ.
ಬಿಟ್ಟರ ಹಿಡಿಯಾಕ ವಿಜಾಪುರದಾಗ ಕೈ ಕಡಿಮಿ ಇಲ್ಲ.
ಬಾಜೂ ಮನಿ ಮೆಹಬೂಬಿ ಬಂದಳು, ಸೆರಗು ಸಿಗಿಸಿ.
ನಾ ಹೊರಸಿನ ಮ್ಯಾಲ, ಒಲಿ ಮುಂದ ಅಕಿ ಬಡಿತ.
ನಂದು ಎರಡು ಬಡದು ಒಂದು ತಿರುವು.
ಅಕಿದು ಮೂರು ಬಡದು, ತಡದು, ತಿರುವು.
ಆ ತಡದ ಜಾಗಾದಾಗ ಪ್ರತಿ ಸಲ
ಪಟ್ಟಿಯೊಳಗ ನನ್ನ ಕೈ ಜಿಗೀತಿತ್ತು.

ಹನ್ನೊಂದನೇ ದಿನ ಖಾನಾವಳಿ ಚನಮಲ್ಲಪ್ಪ ಬಂದು
"ರೊಟ್ಟಿ ಈಗೀಗ ತೆಳ್ಳಗ ಬರಾಕತ್ತಾವ್ರಿ" ಅಂದ.
ಅವತ್ತು ನೋವು ಮುಂಗೈಯಾಗ ಇರಲಿಲ್ಲ.

ಎಡಗೈಲೆ ಹಲ್ಲು ತಿಕ್ಕಿದೆ, ಸಾರು ಚೆಲ್ಲಿದೆ.
ಬ್ಯಾಂಕಿನ್ಯಾಗ ಸಹಿ ಮಾಡಿದ್ರ
"ಇದು ನಿಮ್ಮ ಸಹಿ ಅಲ್ಲ" ಅಂದ್ರು.
ಹೌದ್ರಿ, ಅಂದೆ.
ರಾತ್ರಿ ಮಗಳು ತಲಿ ಹಿಕ್ಕಿ ಹೆಳಲು ಹಾಕಿದಳು,
ನಾ ಅಕಿಗೆ ಹಾಕತಿದ್ದಕ್ಕಿಂತ ಮೆತ್ತಗ.

ರಬ್ಬರ್ ಚೆಂಡು ಕೊಟ್ಟಿದ್ರು, ಮೂರು ಹೊತ್ತು ಹಿಚುಕಂತ.
ಬ್ಯಾಸರಾಗಿ ಚೆಂಡು ಮಗಳ ಹುಡುಗಗ ಕೊಟ್ಟೆ.
ಎಸರು ಕಾಸಿ ಹಿಡಿ ಹಿಟ್ಟು ನಾದಿದೆ.
ಬಿಸಿ ಹಿಟ್ಟು ಬೆರಳಸಂದ್ಯಾಗ ಏರಿತು,
ಭಾಳ ದಿನಕ್ಕ ಸಿಕ್ಕ ಗೆಳತಿ ಕೈ ಹಿಡದಂಗ,
ಒಂಚೂರು ಸಿಟ್ಟಲೆ.

ಏಳನೇ ವಾರ. ಯಾರೂ ಏಳೂದರೊಳಗ ಹಲಗಿ ಮುಂದ ಕುಂತೆ.
ಮೊದಲನೇದರ ಅಂಚು ಇಲಿ ಕಡದಂಗ.
ಎರಡನೇದು ಹಂಚಿನ ಮ್ಯಾಲ ಮಡಚಿ ಬಿತ್ತು.
ಮೂರನೇದು ಉಬ್ಬಿತು. ನಿಂತು ನೋಡಿದೆ,
ಹೊತ್ತಿದ ವಾಸನಿ ಬರೂತನಾ.
ನಾಕನೇದಕ್ಕ ಒಳಗಿನ ಹಗ್ಗ ಸಣ್ಣಗ ಜಗ್ಗಿತು,
ಕೈ ತಾನ ನಿಂತಿತು, ಮತ್ತ ಎದ್ದಿತು:
ಮೂರು ಬಡದು,
ತಡದು,
ತಿರುವು.

ಬಾಗಲಾಗ ಮೆಹಬೂಬಿ, ಕಣ್ಣು ತಿಕ್ಕೋತ:
"ನಾ ಮಲಗೇನಿ, ನನ್ನ ರೊಟ್ಟಿ
ಯಾರು ಬಡಿಯಾಕತ್ತಾರ ಅಂತ
ಎದ್ದು ಬಂದೆ, ಅಕ್ಕಾ."